ಅರ್ಧ ಸ್ವರ

ವಯಸ್ಸು ಅರವತ್ತು ದಾಟಿದ ಮೇಲೆ ಮನುಷ್ಯನು ಆರಂಭಿಸಬಾರದ ಕೆಲಸಗಳು ಕೆಲವುಂಟು. ಮನೆ ಕಟ್ಟಿಸುವುದು, ವ್ಯಾಜ್ಯ ಹೂಡುವುದು, ಹೊಸ ಭಾಷೆಯ ವ್ಯಾಕರಣಕ್ಕೆ ಕೈಹಾಕುವುದು, ಇವು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಸೇರಿರುತ್ತವೆ. ಗಿಟಾರ್ ಕಲಿಯುವುದು ಅದರಲ್ಲಿ ಸೇರಿಲ್ಲದಿರುವುದಕ್ಕೆ ಕಾರಣ, ಅಷ್ಟು ದೊಡ್ಡ ಅವಿವೇಕವನ್ನು ಯಾರೂ ಮಾಡಲಾರರೆಂಬ ನಂಬಿಕೆಯೇ ಇರಬೇಕು. ಆ ಅವಿವೇಕವನ್ನು ನಾನು ಮಾಡಿದ್ದೇನೆ. ಅದೂ ದಾಸರ ಪದವನ್ನೋ ತ್ಯಾಗರಾಜರ ಕೃತಿಯನ್ನೋ ನುಡಿಸುವುದಕ್ಕಾಗಿ ಅಲ್ಲ. ತುಟಿಗೆ ಬಣ್ಣ ಬಳಿದುಕೊಂಡು, ತಲೆಗೂದಲನ್ನು ಹುಲ್ಲಿನ ಬಣವೆಯಂತೆ ಕೆದರಿಕೊಂಡು ಕುಣಿಯುತ್ತಿದ್ದ ನಾಲ್ವರು ಅಮೇರಿಕದ ತರುಣರ ಹಾಡೊಂದನ್ನು ನುಡಿಸುವುದಕ್ಕಾಗಿ. ಕೋಣನ ಮುಂದೆ ಕಿನ್ನರಿ ನುಡಿಸಿದಂತೆ ಎಂದು ಗಾದೆಯುಂಟಷ್ಟೆ. ಇಲ್ಲಿ ಕೋಣವೇ ಕಿನ್ನರಿಯನ್ನು ಹಿಡಿಯಿತು. ಇದನ್ನು ಕೇಳಿ ನಮ್ಮ ಸಂಘದ ಮಿತ್ರರಲ್ಲಿ ಕೆಲವರು ನಕ್ಕರು. ಒಬ್ಬರು ಮಾತ್ರ ನಗದೆ, "ಮನೆಯಲ್ಲಿ ಎಲ್ಲರೂ ಕ್ಷೇಮವೆ?" ಎಂದು ವಿಚಾರಿಸಿದರು. ಅವರಿಗೆ ಅಂದು ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಹಾಡಿನ ಕುಲಗೋತ್ರವನ್ನು ಹೇಳಿಬಿಡುವುದು ಒಳ್ಳೆಯದು. 1983ರಲ್ಲಿ ಅಮೇರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಮೆಕ್ಯಾನಿಕ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಕೆಲವರು ಹುಡುಗರು ಕೂಡಿ ಒಂದು ಮೇಳವನ್ನು ಕಟ್ಟಿದರು. ಮರುವರ್ಷ ದೇಶದ ಈ ಅಂಚಿನಿಂದ ಆ ಅಂಚಿಗೆ, ಲಾಸ್ ಏಂಜಲೀಸ್ ನಗರಕ್ಕೆ, ಭಾಗ್ಯವನ್ನು ಅರಸಿಕೊಂಡು ಹೋದರು. ಅಲ್ಲಿ ಸನ್‌ಸೆಟ್ ಸ್ಟ್ರಿಪ್ ಎಂಬ ಬೀದಿಯ ಕ್ಲಬ್ಬುಗಳಲ್ಲಿ ಆಗ ಒಂದು ಹೊಸ ಬಗೆಯ ಸಂಗೀತವು ಮೆರೆಯುತ್ತಿತ್ತು. ಅದಕ್ಕೆ ಗ್ಲಾಮ್ ಮೆಟಲ್ ಎಂದು ಹೆಸರು. ನಮ್ಮ ಮಾತಿನಲ್ಲಿ ಬೆಡಗಿನ ಲೋಹವೆನ್ನಬಹುದು. ಗದ್ದಲ ಲೋಹದ್ದು, ವೇಷ ಬೆಡಗಿನದು. ಸಂಗೀತದ ಮೇಳವೆಂದರೆ ಶಾರದೆಯ ಹೆಸರನ್ನೋ ಗುರುಗಳ ಹೆಸರನ್ನೋ ಇಡುವ ನಾಡಿನವರಿಗೆ ಈ ಹುಡುಗರು ಆರಿಸಿಕೊಂಡ ಹೆಸರು ವಿಚಿತ್ರವಾಗಿ ಕಾಣದೆ ಇರದು. ಅವರ ಮೇಳದ ಹೆಸರು ಪಾಯಿಸನ್, ಎಂದರೆ ವಿಷ. 1986ರಲ್ಲಿ ಹೊರಬಂದ ಅವರ ಮೊದಲನೆಯ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ನಾಲ್ವರ ಮುಖಗಳೂ ಇವೆ. ಅವು ಗಂಡಸರ ಮುಖಗಳೆಂದು ಹೇಳಿದ ಮೇಲೆಯೇ ತಿಳಿಯಬೇಕು.

ಇವರ ಹಾಡುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು 1988ರ ಎರಡನೆಯ ಮುದ್ರಿಕೆಯಲ್ಲಿರುವ 'ಎವೆರಿ ರೋಸ್ ಹ್ಯಾಸ್ ಇಟ್ಸ್ ಥಾರ್ನ್' ಎಂಬುದು. ಗುಲಾಬಿಗೆ ಮುಳ್ಳು ತಪ್ಪದೆಂಬುದು ಅದರ ಭಾವ. ಇದು ಗದ್ದಲದ ಹಾಡಲ್ಲ. ಆ ಕಾಲದ ಲೋಹದ ಮೇಳಗಳವರು ಒಂದು ಮುದ್ರಿಕೆಯ ಹತ್ತು ಆರ್ಭಟಗಳ ನಡುವೆ ಒಂದು ಸೌಮ್ಯವಾದ ಹಾಡನ್ನು ಇಡುವ ವಾಡಿಕೆಯನ್ನು ಇಟ್ಟುಕೊಂಡಿದ್ದರು. ಇದು ಆ ಜಾತಿಯದು. ಹಾಡುಗಾರನಾದ ಬ್ರೆಟ್ ಮೈಕಲ್ಸನು ಡಲ್ಲಾಸ್ ನಗರದಲ್ಲಿ, ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಯಂತ್ರಗಳ ಅಂಗಡಿಯೊಂದರಲ್ಲಿ ಕುಳಿತು ಇದನ್ನು ಬರೆದುದಾಗಿ ತಾನೇ ಹೇಳಿಕೊಂಡಿದ್ದಾನೆ. ಅಲ್ಲಿಂದ ದೂರದ ಊರಿನಲ್ಲಿದ್ದ ಪ್ರಿಯತಮೆಗೆ ಟೆಲಿಫೋನ್ ಮಾಡಿದಾಗ, ಆಕೆಯ ಮಾತಿನ ಹಿಂದೆ ಮತ್ತೊಬ್ಬ ಗಂಡಸಿನ ಧ್ವನಿಯು ಕೇಳಿಸಿತಂತೆ. ಆ ವರ್ಷದ ಡಿಸೆಂಬರ್ ತಿಂಗಳ ಕೊನೆಯಲ್ಲಿ ಅಮೇರಿಕದ ಹಾಡುಗಳ ಪಟ್ಟಿಯಲ್ಲಿ ಇದು ಮೊದಲನೆಯ ಸ್ಥಾನಕ್ಕೇರಿ ಮೂರು ವಾರ ಅಲ್ಲಿಯೇ ನಿಂತಿತು. ಮೂರು ವರ್ಷ ಕಳೆಯುವುದರೊಳಗೆ, 1991ರಲ್ಲಿ, ಸಿಯಾಟಲ್ ನಗರದ ಕಡೆಯಿಂದ ಬಂದ, ಹರಕು ಅಂಗಿಯ ಹುಡುಗರ ಮತ್ತೊಂದು ಬಗೆಯ ಸಂಗೀತದ ಮುಂದೆ ಬೆಡಗಿನ ಲೋಹದ ಕಾಲವು ಮುಗಿಯುತ್ತ ಬಂದಿತು. ಹಾಡು ಮಾತ್ರ ಉಳಿಯಿತು. ಉಳಿದು, ಸುಮಾರು ಇಪ್ಪತ್ತು ವರ್ಷಗಳ ಮೇಲೆ ನಮ್ಮ ಮನೆಯ ಮಹಡಿಯ ಕೋಣೆಗೆ ಬಂದಿತು.

ಅದು 2008ನೆಯ ಇಸವಿ. ನಮ್ಮ ಹುಡುಗನಿಗೆ ಆಗ ಹದಿನೇಳು ವರ್ಷ. ಪದವಿಪೂರ್ವ ತರಗತಿಯ ಎರಡನೆಯ ವರ್ಷದ ಪರೀಕ್ಷೆಗೆ ಎರಡು ತಿಂಗಳಿತ್ತು. ಅವನ ತಾಯಿಯು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟಿದ್ದ ಹಣದಿಂದ ಕೊಡಿಸಿದ್ದ ಗಿಟಾರನ್ನು ಅವನು ಸಂಜೆಯ ಹೊತ್ತು ನುಡಿಸುತ್ತಿದ್ದನು. ಒಂದು ದಿನ ನಾನು ಕಚೇರಿಯಿಂದ ಬಂದು ಅವನ ಮೇಜನ್ನು ನೋಡುತ್ತೇನೆ: ಗಣಿತದ ಪುಸ್ತಕದ ಮೇಲೆ ಒಂದು ನೋಟುಪುಸ್ತಕ, ಅದರ ರಟ್ಟಿಗೆ ಅಂಟಿಸಿದ ಆ ನಾಲ್ವರ ಚಿತ್ರ. ನನಗೆ ಬಂದ ಕೋಪವನ್ನು ವರ್ಣಿಸಲಾರೆ. ಜಿಲ್ಲಾ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿದ್ದ ನಾನು, ಎರಡೂ ಕಡೆಯ ವಾದವನ್ನು ಕೇಳದೆ ತೀರ್ಪು ಹೇಳಬಾರದೆಂಬುದನ್ನು ಬಾಳೆಲ್ಲ ಕಣ್ಣಾರೆ ಕಂಡವನು. ಆದರೆ ಮನೆಯಲ್ಲಿ ಅಂದು ನಾನೇ ವಾದಿ, ನಾನೇ ನ್ಯಾಯಾಧೀಶ, ನಾನೇ ಅಮೀನ. "ಈ ವೇಷಗಾರರ ಕಿರಿಚಾಟ ನನ್ನ ಮನೆಯಲ್ಲಿ ಇನ್ನು ಕೇಳಕೂಡದು. ಅದನ್ನು ಅಟ್ಟಕ್ಕೆ ಹಾಕು" ಎಂದೆನು. ಹುಡುಗನು ವಾದಿಸಲಿಲ್ಲ. ವಾದಿಸಿದ್ದರೆ ಚೆನ್ನಾಗಿತ್ತೆಂದು ಈಗ ಅನ್ನಿಸುತ್ತದೆ. ಗಿಟಾರು ಅಟ್ಟಕ್ಕೆ ಹೋಯಿತು. ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾದನು, ಇಂಜಿನಿಯರಾದನು, ಪುಣೆಯಲ್ಲಿ ಒಳ್ಳೆಯ ಕೆಲಸಕ್ಕೆ ಸೇರಿದನು. ಭಾನುವಾರದಂದು ತಪ್ಪದೆ ಫೋನ್ ಮಾಡುತ್ತಾನೆ. "ಊಟವಾಯಿತೆ, ಅಪ್ಪಾ? ಮಳೆ ಹೇಗಿದೆ?" ಎನ್ನುತ್ತಾನೆ. ನಾನು ಊಟವಾಯಿತೆನ್ನುತ್ತೇನೆ, ಮಳೆಯ ವಿಚಾರವನ್ನು ಹೇಳುತ್ತೇನೆ, ಫೋನನ್ನು ಅವನ ತಾಯಿಗೆ ಕೊಡುತ್ತೇನೆ. ಹದಿನಾರು ವರ್ಷ ನಮ್ಮ ಸಂಭಾಷಣೆಯು ಊಟ ಮತ್ತು ಮಳೆಗಳನ್ನು ದಾಟಲಿಲ್ಲ. ಇದರಲ್ಲಿ ಏನೋ ಕೊರತೆಯುಂಟೆಂದು ನನಗೆ ತಿಳಿದೇ ಇರಲಿಲ್ಲ; ಹುಡುಗನು ಗಂಭೀರ ಸ್ವಭಾವದವನೆಂದು ಬಂಧುಗಳ ಮುಂದೆ ಹೊಗಳಿಕೊಳ್ಳುತ್ತಿದ್ದೆನು.

2024ರ ಮುಂಗಾರಿನಲ್ಲಿ ಹೆಂಚು ಸೋರಿತು. ಅಟ್ಟದ ಸಾಮಾನುಗಳನ್ನು ಇಳಿಸಿದಾಗ ಹಳೆಯ ಸೀರೆಯೊಂದರಲ್ಲಿ ಸುತ್ತಿದ್ದ ಗಿಟಾರು ಸಿಕ್ಕಿತು. ಸೀರೆಯನ್ನು ಸುತ್ತಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು ನೋಡಿ ಏನೂ ಹೇಳದೆ ಹಿಂದಕ್ಕೆ ಹೋದರು. ಜೊತೆಗೆ ಆ ನೋಟುಪುಸ್ತಕವೂ ಇತ್ತು. ಅದನ್ನು ತೆರೆದೆನು. ಮುಳ್ಳಿನ ಹಾಡಿನ ಹೆಸರು, ಅದರ ಕೆಳಗೆ ಹುಡುಗನ ದುಂಡಕ್ಷರದಲ್ಲಿ ಸ್ವರಗಳ ಗುರುತು, ಕೆಲವೆಡೆ ಅಳಿಸಿ ತಿದ್ದಿದ ಚಿಹ್ನೆ. ಗಣಿತದ ಲೆಕ್ಕಕ್ಕಿಂತ ಹೆಚ್ಚು ಶ್ರಮಪಟ್ಟು ಬರೆದ ಪುಟ. ಇನ್ನೊಂದು ವಿಷಯವನ್ನು ಆಮೇಲೆ ಗಮನಿಸಿದೆನು. ಆರು ತಂತಿಗಳೂ ತುಕ್ಕು ಹಿಡಿದಿದ್ದುವು. ಆದರೆ ಆರನ್ನೂ ಯಾರೋ ಸಡಿಲಿಸಿಟ್ಟಿದ್ದರು. ಬಿಗಿದ ತಂತಿಯು ವರ್ಷಗಟ್ಟಲೆ ಎಳೆದರೆ ವಾದ್ಯದ ದಂಡಿಯು ಬಾಗಿಹೋಗುತ್ತದೆ. ಎಸೆಯುವವನು ತಂತಿಯನ್ನು ಸಡಿಲಿಸುವುದಿಲ್ಲ. ಮತ್ತೆ ನುಡಿಸುತ್ತೇನೆಂದುಕೊಂಡವನು ಮಾತ್ರ ಸಡಿಲಿಸುತ್ತಾನೆ. ಅಂದು ರಾತ್ರಿ, ಹದಿನಾರು ವರ್ಷದ ಹಿಂದೆ ತೀರ್ಪು ಹೇಳಿದ್ದ ಆ ಹಾಡನ್ನು ಮೊಟ್ಟಮೊದಲ ಸಲ ಕೇಳಿದೆನು. ಕಿರಿಚಾಟವನ್ನು ಎದುರುನೋಡುತ್ತಿದ್ದ ಕಿವಿಗೆ, ಮೆಲ್ಲನೆ ಮೀಟಿದ ಮರದ ಗಿಟಾರಿನ ನಾದವು ಬಂದು ಬಿದ್ದಿತು.

ಹೊಸ ತಂತಿಗಳನ್ನು ತರಿಸಿದೆನು. ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬನು ಗುರುವಾದನು. ಅವನಿಗೆ ಇಪ್ಪತ್ತು ವರ್ಷ, ಶಿಷ್ಯನಿಗೆ ಅರವತ್ತೆರಡು. ಮೊದಲನೆಯ ದಿನವೇ ಅವನು, "ಸಾರ್, ಬೆರಳು ನೋಯುತ್ತದೆ" ಎಂದು ಎಚ್ಚರಿಸಿದನು. ನೋಯುತ್ತದೆ ಎಂಬುದು ಸಣ್ಣ ಮಾತು. ಉಕ್ಕಿನ ತಂತಿಯನ್ನು ಮೆಟ್ಟಿನ ಪಕ್ಕದಲ್ಲಿ ಮರಕ್ಕೆ ಒತ್ತಿ ಹಿಡಿದರೆ ಬೆರಳ ತುದಿಯಲ್ಲಿ ಗೆರೆ ಬೀಳುತ್ತದೆ. ಗೆರೆಯು ಗಾಯವಾಗಿ, ಗಾಯವು ಮಾಗಿ, ಚರ್ಮವು ದಡ್ಡುಗಟ್ಟುವವರೆಗೂ ತಿಳಿಸಾರಿನಲ್ಲಿ ಅನ್ನ ಕಲಸುವುದೂ ಒಂದು ವ್ರತವೇ. ನಾನು ಎಡಚನೆಂಬುದನ್ನು ಈ ಸಂದರ್ಭದಲ್ಲಿ ತಿಳಿಸಬೇಕು. ವೀಣೆಯ ಮೆಟ್ಟುಗಳನ್ನು ಮೇಣದಲ್ಲಿ ಕೂರಿಸುತ್ತಾರೆ, ಇಪ್ಪತ್ತುನಾಲ್ಕು ಇರುತ್ತವೆ. ಗಿಟಾರಿನ ಮೆಟ್ಟುಗಳನ್ನು ಮರದೊಳಕ್ಕೇ ಬಿಗಿದಿರುತ್ತಾರೆ. ಆದರೆ ಲೆಕ್ಕವು ಒಂದೇ. ಮೆಟ್ಟಿಗೆ ಅರ್ಧ ಸ್ವರ, ಹನ್ನೆರಡು ಮೆಟ್ಟಿಗೆ ಒಂದು ಸ್ಥಾಯಿ. ಹೊರಗಿನಿಂದ ಬಂದ ವಾದ್ಯವೆಂದು ಹೀಯಾಳಿಸುವುದಕ್ಕೂ ನನಗೆ ಅವಕಾಶವಿರಲಿಲ್ಲ. ಪಿಟೀಲು ಬಂದದ್ದೂ ಹೊರಗಿನಿಂದಲೇ. ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ತಿರುಗಿಸಿಕೊಂಡರು, ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಹೂಡಿ ನುಡಿಸಿದರು. ಇಂದು ರಾಮನವಮಿಯ ಚಪ್ಪರದಲ್ಲಿ ಅದನ್ನು ಪರದೇಶಿಯೆನ್ನುವವರಿಲ್ಲ.

ನಮ್ಮ ಸಂಗೀತದಲ್ಲಿ ಒಂದು ಸ್ವರದ ಹಿಂದೆ ಮತ್ತೊಂದು ಬರುತ್ತದೆ. ಅವರಲ್ಲಿ ಹಲವು ಸ್ವರಗಳು ಒಟ್ಟಿಗೆ ಬರುತ್ತವೆ. ಆ ಗುಚ್ಛಕ್ಕೆ ಕಾರ್ಡ್ ಎಂದು ಹೆಸರು. ಈ ಹಾಡಿನ ಚರಣಗಳಿಗೆ ಬೇಕಾದವು ಮೂರು: ಜಿ ಎಂಬುದು ಒಂದು, ಸಿ ಆಡ್ ನೈನ್ ಎಂಬುದು ಇನ್ನೊಂದು, ಡಿ ಎಂಬುದು ಮೂರನೆಯದು. ಜಿ ಗುಚ್ಛದಲ್ಲಿ ನಾಲ್ಕು ಬೆರಳುಗಳೂ ನಾಲ್ಕು ತಂತಿಗಳ ಮೇಲೆ ಕೂರುತ್ತವೆ. ಅಲ್ಲಿಂದ ಸಿ ಆಡ್ ನೈನಿಗೆ ಹೋಗುವಾಗ ತೋರುಬೆರಳೂ ನಡುಬೆರಳೂ ಒಂದೊಂದು ತಂತಿಯಷ್ಟು ಪಕ್ಕಕ್ಕೆ ಸರಿಯುತ್ತವೆ. ಉಂಗುರದ ಬೆರಳೂ ಕಿರುಬೆರಳೂ ಕದಲುವುದಿಲ್ಲ. ಡಿ ಗುಚ್ಛಕ್ಕೆ ಬಂದಾಗ ಕಿರುಬೆರಳೂ ಏಳುತ್ತದೆ. ಉಂಗುರದ ಬೆರಳು ಆಗಲೂ ಎರಡನೆಯ ತಂತಿಯ ಮೂರನೆಯ ಮೆಟ್ಟಿನಲ್ಲಿಯೇ ಇರುತ್ತದೆ. ಅದು ಗೊತ್ತಿಲ್ಲದೆ ನಾನು ಪ್ರತಿಸಲವೂ ನಾಲ್ಕು ಬೆರಳುಗಳನ್ನೂ ಎತ್ತಿ, ದಾರಿ ತಪ್ಪಿದ ಯಾತ್ರಿಕರಂತೆ ಅವನ್ನು ಮತ್ತೆ ಕೂರಿಸಲು ಒದ್ದಾಡುತ್ತಿದ್ದೆನು. "ಆ ಬೆರಳನ್ನು ಮಾತ್ರ ಎತ್ತಬೇಡಿ, ಸಾರ್. ಅದು ಇದ್ದರೆ ಉಳಿದವಕ್ಕೆ ದಾರಿ ಗೊತ್ತಾಗುತ್ತದೆ" ಎಂದನು ಗುರು. ಸಂಸ್ಕೃತದಲ್ಲಿ ಆ ಬೆರಳಿಗೆ ಅನಾಮಿಕೆಯೆಂದು ಹೆಸರು, ಎಂದರೆ ಹೆಸರಿಲ್ಲದ್ದು. ಹೆಸರಿಲ್ಲದೆ, ಕದಲದೆ ಮನೆಯನ್ನು ಹಿಡಿದಿರುವವರು ಬೆರಳುಗಳಲ್ಲಿ ಮಾತ್ರವೇ ಇರುವುದೆಂದು ಹೇಳಲಾರೆ. ಅಂದು ಅಡಿಗೆಮನೆಯ ಕಡೆಗೆ ಒಂದು ಸಲ ನೋಡಿದೆನು.

ಬೆರಳು ನಿಂತ ಮೇಲೆ ಕಿವಿಯು ಕೆಲಸಮಾಡಲು ಆರಂಭಿಸಿತು. ಜಿ ಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ, ಕದಲದ ಆ ಎರಡು ತಂತಿಗಳಲ್ಲಿ ನುಡಿಯುತ್ತಿರುವುದು ಪಂಚಮ ಮತ್ತು ಮೇಲಿನ ಷಡ್ಜ. ಕೆಳಗಿನ ಸ್ವರಗಳು ಷಡ್ಜದಿಂದ ಮಧ್ಯಮಕ್ಕೆ ಹೋಗಿ ಹಿಂದಿರುಗುತ್ತಿರುವಾಗ, ಮೇಲೆ ಪಂಚಮ ಷಡ್ಜಗಳು ನಿಂತೇ ಇವೆ. ಇದೇನು? ನಮ್ಮ ತಂಬೂರಿಯಲ್ಲವೆ? ಡಿ ಗುಚ್ಛದಲ್ಲಿ ಮೇಲಿನ ಷಡ್ಜವು ಕಾಕಲಿ ನಿಷಾದಕ್ಕೆ ಇಳಿದು, ಮತ್ತೆ ಮನೆಗೆ ಬರಲು ಹಾತೊರೆಯುತ್ತದೆ. ಪಂಚಮವು ಆಗಲೂ ನಿಂತಿದೆ. ಮೂರು ಗುಚ್ಛಗಳ ಸ್ವರಗಳನ್ನು ಕೂಡಿಸಿದರೆ ಶಂಕರಾಭರಣದ ಏಳು ಸ್ವರಗಳೂ ಇವೆ. ಇದು ಶಂಕರಾಭರಣವೆಂದು ಹೇಳುವ ದಿಟ್ಟತನ ನನಗಿಲ್ಲ, ಗಮಕವಿಲ್ಲದೆ ರಾಗವಿಲ್ಲ. ಆದರೆ ವೇಷಗಾರರ ಕಿರಿಚಾಟವೆಂದು ನಾನು ಅಟ್ಟಕ್ಕೆ ಹಾಕಿಸಿದ ಹಾಡಿನ ಒಳಗೆ, ನಾನು ಬಾಳೆಲ್ಲ ಕಣ್ಣುಮುಚ್ಚಿ ಕೇಳಿದ ಪಂಚಮ ಷಡ್ಜಗಳು ನಿಂತಿದ್ದುವು. ಹದಿನೇಳು ವರ್ಷದ ಹುಡುಗನು ಅದನ್ನು ಕೇಳಿದ್ದನು. ತಂದೆಗೆ ಕೇಳಿಸಿರಲಿಲ್ಲ.

ಆಗಸ್ಟ್ ಮುಗಿಯುವ ಹೊತ್ತಿಗೆ ಆದಿತಾಳದ ಲೆಕ್ಕದಲ್ಲಿ ಎಂಟು ಎಣಿಸಿಕೊಂಡು, ನಾಲ್ಕಕ್ಕೆ ಒಂದು ಗುಚ್ಛದಂತೆ ತಪ್ಪಿಲ್ಲದೆ ಮೀಟಬಲ್ಲವನಾದೆನು. ಆಗ, ಧ್ವನಿಮುದ್ರಿಕೆಯ ಜೊತೆಯಲ್ಲಿಯೇ ನುಡಿಸಿಬಿಡೋಣವೆಂಬ ಹುಮ್ಮಸ್ಸು ಬಂದಿತು. ನುಡಿಸಿದೆನು. ಕಿವಿಗೆ ಕಾಯಿಸಿದ ಸೂಜಿಯನ್ನು ಚುಚ್ಚಿದಂತಾಯಿತು. ಬೆರಳು ಸರಿಯಾಗಿದೆ, ಲಯ ಸರಿಯಾಗಿದೆ. ಶ್ರುತಿ ಮಾತ್ರ ಸೇರುವುದಿಲ್ಲ! ವಾದ್ಯದ ಶ್ರುತಿಯನ್ನು ಪರೀಕ್ಷಿಸಿದೆನು. ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಇ, ಎ, ಡಿ, ಜಿ, ಬಿ, ಇ; ಎಲ್ಲವೂ ಕ್ರಮಬದ್ಧ. ಎ ಸ್ವರವೆಂದರೆ ಸೆಕೆಂಡಿಗೆ 440 ಕಂಪನಗಳೆಂದು ಲೋಕವೆಲ್ಲ ಒಪ್ಪಿದ ನಿಯಮ. ನನ್ನದು ಅದಕ್ಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದುದರಿಂದ ತಪ್ಪು ಮುದ್ರಿಕೆಯದೇ ಎಂದು ನಿಶ್ಚಯಿಸಿದೆನು. ಫೋನು ಹಳೆಯದೆಂದುಕೊಂಡು ಮನೆಯವರ ಫೋನಿನಲ್ಲಿ ಹಾಕಿದೆನು, ಅದರಲ್ಲಿಯೂ ಹಾಗೆಯೇ. ಗುರುವು ಪರೀಕ್ಷೆಯ ಓದಿನಲ್ಲಿ ಮುಳುಗಿದ್ದನು. ಅಂಗಡಿಯವನೊಬ್ಬನು ಕೇಪೋ ಎಂಬ ಚಿಮುಟವನ್ನು ಮಾರಿದನು. ಅದನ್ನು ದಂಡಿಗೆ ಕಚ್ಚಿಸಿದರೆ ಶ್ರುತಿಯು ಇನ್ನೂ ಮೇಲಕ್ಕೇರುತ್ತದೆಯೇ ಹೊರತು ಕೆಳಕ್ಕಿಳಿಯುವುದಿಲ್ಲ. ನಾನಿದ್ದ ಜಾಗವು ಹಾಡಿಗಿಂತ ಅರ್ಧ ಸ್ವರ ಮೇಲೆ. ಹದಿನೈದು ದಿನ ಹೀಗೆ ಕಳೆಯಿತು. ಹಾಡುವವನ ಶ್ರುತಿಗೆ ಪಕ್ಕವಾದ್ಯದವನು ಹೊಂದಿಕೊಳ್ಳಬೇಕೆಂಬುದು ನಮ್ಮ ಕಚೇರಿಗಳಲ್ಲಿ ಮಗುವಿಗೂ ತಿಳಿದ ಮರ್ಯಾದೆ. ನನಗೂ ತಿಳಿದಿತ್ತು. ಆದರೆ ನನ್ನ ಶ್ರುತಿಯು ಕಾನೂನಿನ ಪ್ರಕಾರ ಸರಿಯಾಗಿರುವಾಗ ನಾನೇಕೆ ಇಳಿಯಬೇಕು?

ಭಾನುವಾರ ಬಂದಿತು. ಊಟವಾಯಿತೆಂದೆನು, ಮಳೆಯ ವಿಚಾರವನ್ನು ಹೇಳಿದೆನು. ಫೋನನ್ನು ಕೊಡಲೆಂದು ಅವನ ತಾಯಿಯ ಕಡೆಗೆ ಕೈನೀಡಿದವನು ಹಿಂದಕ್ಕೆಳೆದುಕೊಂಡೆನು.

"ನಿನ್ನನ್ನು ಒಂದು ಮಾತು ಕೇಳಬೇಕು. ಆ ಮುಳ್ಳಿನ ಹಾಡಿಗೆ ಗಿಟಾರು ಶ್ರುತಿ ಸೇರುವುದಿಲ್ಲವಲ್ಲ, ಅದೇಕೆ?"

"ಯಾವ ಗಿಟಾರು?"

"ನಿನ್ನದು."

ಫೋನು ಕಡಿದುಹೋಯಿತೆಂದೇ ತಿಳಿದೆನು. ಬಹಳ ಹೊತ್ತಿನ ಮೇಲೆ ಅವನು, "ಎಷ್ಟು ವ್ಯತ್ಯಾಸ ಬರುತ್ತದೆ?" ಎಂದು ಕೇಳಿದನು.

"ಅರ್ಧ ಸ್ವರ. ನನ್ನದು ಹೆಚ್ಚು."

"ಹಾಗಾದರೆ ನೀವೇ ಇಳಿಸಬೇಕು, ಅಪ್ಪಾ. ಅವರು ಆರು ತಂತಿಗಳನ್ನೂ ಅರ್ಧ ಸ್ವರ ಇಳಿಸಿಕೊಂಡು ನುಡಿಸಿದ್ದಾರೆ. ಹಾಡುವವನ ಗಂಟಲಿಗೂ ಅನುಕೂಲ, ತಂತಿಯೂ ಮೆತ್ತಗಾಗುತ್ತದೆ. ಹಾಡು ತಾನಾಗಿ ಮೇಲಕ್ಕೆ ಬರುವುದಿಲ್ಲ."

ಅವನು ಗಿಟಾರಿನ ವಿಷಯವನ್ನೇ ಹೇಳಿದನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅಂದಿನ ಮಾತು ನಲವತ್ತು ನಿಮಿಷ ನಡೆಯಿತು. ಮಧ್ಯದಲ್ಲಿ ಡೆವಿಲ್ ಎಂಬ ವಾದಕನು ವಿದ್ಯುತ್ ಗಿಟಾರಿನಲ್ಲಿ ತಂತಿಯನ್ನೆಳೆದು ಸ್ವರವನ್ನು ಹೇಗೆ ಏರಿಸುತ್ತಾನೆಂಬುದನ್ನು ವಿವರಿಸಿದನು. ವೀಣೆಯಲ್ಲಿ ನಾವು ಎಳೆದು ಗಮಕ ಹಿಡಿಯುವುದನ್ನು ನಾನು ವಿವರಿಸಿದೆನು. ಮಳೆಯ ವಿಚಾರವು ಮತ್ತೆ ಬರಲಿಲ್ಲ. ಫೋನನ್ನಿಟ್ಟ ಮೇಲೆ ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿದೆನು. ಅರ್ಧ ಸ್ವರವೆಂದರೆ ಕೂದಲಷ್ಟು ತಿರುವು. ಕೈಗೆ ತಿಳಿಯುವುದೇ ಇಲ್ಲ. ಮುದ್ರಿಕೆಯನ್ನು ಹಾಕಿ ಮೀಟಿದೆನು. ಎರಡು ನಾದಗಳು ಒಂದಾದುವು. ಒಂದಾದಾಗ ನನ್ನ ವಾದ್ಯದ ದನಿಯು ನನಗೆ ಬೇರೆಯಾಗಿ ಕೇಳಿಸಲಿಲ್ಲ. ಶ್ರುತಿ ಸೇರಿದುದಕ್ಕೆ ಅದೇ ಗುರುತು.

ದೀಪಾವಳಿಗೆ ಹುಡುಗನು ಬಂದನು. ನೀರು ತುಂಬುವ ಹಬ್ಬದ ರಾತ್ರಿ, ಊಟವಾದ ಮೇಲೆ, ನಮ್ಮ ಮನೆಯವರೇ ಗಿಟಾರನ್ನು ತಂದು ಇಬ್ಬರ ನಡುವೆ ಇಟ್ಟು, ಎಲೆ ಅಡಿಕೆಯ ತಟ್ಟೆಯೊಡನೆ ಬಾಗಿಲ ಬಳಿ ಕುಳಿತರು. ನಾನು ನುಡಿಸಿದೆನು, ಅವನು ಮೆಲುದನಿಯಲ್ಲಿ ಹಾಡಿದನು. ಅವನಿಗೆ ಹಾಡಲು ಬರುತ್ತದೆಂಬುದೇ ನನಗೆ ಅಂದು ತಿಳಿಯಿತು. ಡಿ ಗುಚ್ಛದಿಂದ ಸಿ ಆಡ್ ನೈನಿಗೆ ಹೋಗುವ ಕಡೆ ನನ್ನ ಬೆರಳುಗಳು ಇಂದಿಗೂ ತಡಮಾಡುತ್ತವೆ. ಧ್ವನಿಮುದ್ರಿಕೆಯು ನನಗಾಗಿ ಎಂದೂ ಕಾದುದಿಲ್ಲ. ತನ್ನ ಪಾಡಿಗೆ ತಾನು ಮುಂದಕ್ಕೆ ಹೋಗುತ್ತಿತ್ತು. ಅವನು ಪ್ರತಿಸಲವೂ, ಆ ಸ್ವರವನ್ನು ಹಿಡಿದು ನಿಲ್ಲಿಸಿಕೊಂಡು, ನನ್ನ ಬೆರಳು ಕೂರುವವರೆಗೆ ಕಾದನು.

ಮೂರನೆಯ ದಿನ ಅವನು ಹೊರಟಾಗ, ತಂತಿಗಳನ್ನು ಸಡಿಲಿಸಿ ಗಿಟಾರನ್ನು ಒಳಗಿಡಲೇ ಎಂದು ಕೇಳಿದೆನು. ಅವನು ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತ, "ಬೇಡಿ ಅಪ್ಪಾ, ಹಾಗೆಯೇ ಇರಲಿ. ಸಂಕ್ರಾಂತಿಗೆ ಬರುತ್ತೇನಲ್ಲ" ಎಂದನು. ಅದು ಈಗ ನಡುಮನೆಯ ಗೋಡೆಗೆ ಒರಗಿಕೊಂಡು ನಿಂತಿದೆ, ಅರ್ಧ ಸ್ವರ ಇಳಿದೇ.